ಶರತ್ಕಾಲ ನೋಡೋಕೆ ಕಾಶ್ಮೀರಕ್ಕೇ ಹೋಗಬೇಕಿಲ್ಲ: ಮೊಣಕಾಲೆತ್ತರದ ಸೊಬಗು ಕಾಣುವ ಕ್ರಮ

ಅಕ್ಟೋಬರ್ ಬಂತೆಂದರೆ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಫೋಟೋಗಳಲ್ಲಿ ಕಾಣುವ ಕೆಂಪು, ಹಳದಿ ಎಲೆಗಳ ಶರತ್ಕಾಲ ನಮ್ಮಲ್ಲಿ ಎಲ್ಲಿ ಸಿಗುತ್ತದೆ? ಕೊಡಗಿಗೆ ಹೋಗಬೇಕಾ, ಚಿಕ್ಕಮಗಳೂರಿಗಾ? ನೇರವಾಗಿ ಹೇಳಿಬಿಡುತ್ತೇನೆ: ಎರಡೂ ಕಡೆ ಸಿಗುವುದಿಲ್ಲ. ಚಳಿ ದೇಶದ ಮರಗಳು ಹಿಮ ಬೀಳುವ ಮುಂಚೆ ಎಲೆ ಕಳಚಿಕೊಳ್ಳುತ್ತವೆ. ಆಗ ಎಲೆಯ ಹಸಿರು ಬಣ್ಣ ಒಡೆದುಹೋಗಿ, ಒಳಗೆ ಮೊದಲಿಂದಲೂ ಇದ್ದ ಹಳದಿ ಹೊರಗೆ ಕಾಣುತ್ತದೆ. ನಮ್ಮ ಮರಗಳು ಎಲೆ ಉದುರಿಸುವುದು ಹೆಚ್ಚಾಗಿ ನೀರಿನ ಕೊರತೆಯಿಂದ. ಅದಕ್ಕೇ ಅದು ಜನವರಿ ದಾಟಿದ ಮೇಲೆ, ಶಿಶಿರದಲ್ಲಿ. ಈಗಷ್ಟೇ ಮಳೆ ಕುಡಿದ ನೆಲದಲ್ಲಿ ಯಾವ ಮರ ತಾನೇ ಬೋಳಾಗುತ್ತದೆ? ಕೆಂಪೆಲೆಯನ್ನು ನೋಡಲೇಬೇಕು ಅನ್ನುವ ಹಟವಿದ್ದರೆ ವರ್ಷದ ಕೊನೆಯವರೆಗೆ ಕಾಯಿರಿ. ರಸ್ತೆಬದಿಯ ಕಾಡುಬಾದಾಮಿ ಮರ ನಿಮ್ಮ ಆಸೆ ತೀರಿಸುತ್ತದೆ.

ನಮ್ಮ ಶರದೃತು ಇರುವುದು ನೆಲದ ಹತ್ತಿರ, ಬೆಳಗ್ಗೆ ಎಂಟರೊಳಗೆ. ಮಳೆಗಾಲ ಬಿಟ್ಟುಹೋದ ಹುಲ್ಲು, ಕಳೆ, ಹುಳು, ಇಬ್ಬನಿ ಇದೇ ಅದರ ಬಂಡವಾಳ. ತಲೆ ಎತ್ತಿ ಹುಡುಕುವವರಿಗೆ ಇದು ಕಾಣುವುದಿಲ್ಲ. ಬಗ್ಗಬೇಕು, ಮಂಡಿಯೂರಬೇಕು.

ಯಾವಾಗ? ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತಿಕ ಎರಡು ತಿಂಗಳು. ಅಂದರೆ ನವರಾತ್ರಿಯ ಪಾಡ್ಯದಿಂದ ಕಾರ್ತಿಕ ಅಮಾವಾಸ್ಯೆವರೆಗೆ. ರೈತರ ಲೆಕ್ಕದಲ್ಲಿ ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲ. ಹೌದು, ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲ. ನೈಋತ್ಯ ಮುಂಗಾರು ಹಿಂದೆ ಸರಿದು ಹಿಂಗಾರು ಶುರುವಾಗುವ ಹೊತ್ತಿದು. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ. ಬಯಲಲ್ಲಿ ಓಡಾಡುವುದನ್ನೆಲ್ಲ ಬೆಳಗ್ಗೆಯೇ ಮುಗಿಸಿಕೊಳ್ಳಿ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲದೆ ಮನೆ ಸೇರಿಕೊಳ್ಳಿ.

ಏನೇನು ಬೇಕು

ಉದ್ದ ಪ್ಯಾಂಟು, ಪಾದ ಮುಚ್ಚುವ ಶೂ, ಒದ್ದೆ ನೆಲದ ಮೇಲೆ ಹಾಸಲು ಹಳೇ ಗೋಣಿಚೀಲ, ನೋಟ್‌ಬುಕ್ಕು, ಪೆನ್ಸಿಲ್. ಒದ್ದೆ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ, ಅದು ಬೇಡ. ದುಡ್ಡು ಹಾಕುವುದಾದರೆ ಒಂದೇ ಒಂದು ವಸ್ತುವಿಗೆ ಹಾಕಿ: 10 ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿಡಬಹುದಾದ ಭೂತಗನ್ನಡಿ. ಅಕ್ಕಸಾಲಿಗರು ಹರಳು ನೋಡಲು ಬಳಸುತ್ತಾರಲ್ಲ, ಅದೇ. ಮೈಮೇಲೆ ‘10ಎಕ್ಸ್’ ಎಂದು ಬರೆದಿರುತ್ತದೆ.

ಇದನ್ನು ಹಿಡಿಯುವ ಕ್ರಮವೇ ಬಹಳ ಜನಕ್ಕೆ ಗೊತ್ತಿಲ್ಲ. ಸಿನಿಮಾ ಪತ್ತೇದಾರರ ಹಾಗೆ ಕೈ ಚಾಚಿ ಹಿಡಿದರೆ ಏನೂ ಕಾಣುವುದಿಲ್ಲ. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಳ್ಳಿ. ಆಮೇಲೆ ನೋಡಬೇಕಾದ್ದನ್ನು ನಿಧಾನವಾಗಿ ಗಾಜಿನತ್ತ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಎಲ್ಲವೂ ಥಟ್ಟನೆ ಸ್ಪಷ್ಟವಾಗುತ್ತದೆ. ಕಿತ್ತು ತರಲಾಗದ್ದನ್ನು ನೋಡಬೇಕಿದ್ದರೆ ಗಾಜು, ಮುಖ ಎರಡನ್ನೂ ಒಟ್ಟಿಗೆ ಅದರ ಹತ್ತಿರ ತೆಗೆದುಕೊಂಡು ಹೋಗಬೇಕು. ಗೋಣಿಚೀಲ ಬೇಕಾಗುವುದು ಆಗಲೇ. ಎಚ್ಚರಿಕೆ ಒಂದೇ: ಇದರಲ್ಲಿ ಯಾವತ್ತೂ ಸೂರ್ಯನನ್ನು ನೋಡಬೇಡಿ. ಮಕ್ಕಳ ಕೈಗೆ ಕೊಡುವಾಗ ಮೊದಲು ಹೇಳಬೇಕಾದ ಮಾತೂ ಇದೇ.

ಹಂತ 1: ಜಾಗ ಗೊತ್ತುಮಾಡಿಕೊಳ್ಳಿ

ದೊಡ್ಡ ಜಾಗ ಬೇಡ. ಹತ್ತು ಹೆಜ್ಜೆ ಉದ್ದದ ಹೊಲದ ಬದು, ಕೆರೆ ಏರಿಯ ಒಂದು ಮಗ್ಗುಲು, ಕಳೆ ಬೆಳೆದ ಖಾಲಿ ಸೈಟಿನ ಅಂಚು, ಇಷ್ಟು ಸಾಕು. ನೀಟಾಗಿ ಕತ್ತರಿಸಿದ ಪಾರ್ಕಿನ ಹುಲ್ಲುಹಾಸನ್ನು ಮಾತ್ರ ಆರಿಸಬೇಡಿ. ಹಬ್ಬಕ್ಕೆ ‘ಕ್ಲೀನ್’ ಮಾಡಿಸಿದ ಕಡೆ ನೋಡಲು ಏನೂ ಉಳಿದಿರುವುದಿಲ್ಲ. ಎಲ್ಲರೂ ‘ಗಲೀಜು’ ಅನ್ನುವ ಜಾಗವೇ ನಿಮಗೆ ಬೇಕಾದ್ದು.

ಒಮ್ಮೆ ಆರಿಸಿದ ಮೇಲೆ ಬದಲಾಯಿಸಬೇಡಿ. ಪ್ರತಿ ವಾರ ಹೊಸ ಜಾಗಕ್ಕೆ ಹೋದರೆ ಪ್ರತಿ ಸಲವೂ ಬರೀ ಹಸಿರು ಕಾಣುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಆಗುವ ಬದಲಾವಣೆ ಕಾಣುತ್ತದೆ.

ಹೊಲವಾದರೆ ಯಜಮಾನರನ್ನು ಕೇಳಿಯೇ ಕಾಲಿಡಿ. ಹಾಗೇ ‘ಔಷಧಿ ಹೊಡೆದಿದ್ದೀರಾ?’ ಅಂತಲೂ ಕೇಳಿ. ಇತ್ತೀಚೆಗೆ ಹೊಡೆದಿದ್ದರೆ ಆ ಕಡೆ ಹೋಗಬೇಡಿ.

ಹಾವಿನ ಭಯ ಸುಮ್ನೆ ಅಲ್ಲ. ಕೊಳಕುಮಂಡಲ ಒಣಹುಲ್ಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಕೂರುವ ಮುಂಚೆ ಕೋಲಿನಿಂದ ಹುಲ್ಲು ಸವರಿ, ಕಾಣದ ಕಡೆ ಕೈ ಹಾಕಬೇಡಿ. ಮಲೆನಾಡಿನವರು ಇನ್ನೊಂದನ್ನು ನೆನಪಿಡಬೇಕು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆಯ ಕಾಲ ಮಳೆ ನಿಂತ ಮೇಲೆಯೇ ಶುರುವಾಗುತ್ತದೆ. ಕಾಯಿಲೆ ಇರುವ ಊರುಗಳಲ್ಲಿ ಕಾಡಿನಂಚು ಬಿಟ್ಟು ಅಂಗಳದಲ್ಲೇ ನೋಡಿ. ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ.

ಹಂತ 2: ಇಬ್ಬನಿ ಆರುವ ಮುಂಚೆ ಹೋಗಿ

ಇಡೀ ಋತುವಿನಲ್ಲಿ ಒಂದೇ ದಿನ ಬಿಡುವು ಸಿಗುತ್ತದೆ ಅಂದರೆ ಅದನ್ನು ಈ ಹಂತಕ್ಕೇ ಇಡಿ.

ಇಬ್ಬನಿ ಬೀಳುವುದಿಲ್ಲ, ಕೂರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲದ ಕಾವು ಮೇಲಕ್ಕೆ ಹೋಗಿಬಿಡುತ್ತದೆ. ಹುಲ್ಲಿನ ಎಸಳು ತಣ್ಣಗಾಗಿ, ಅದನ್ನು ಸೋಕಿದ ಗಾಳಿಯ ತೇವ ಹನಿಯಾಗುತ್ತದೆ. ಮೋಡವಿದ್ದರೆ ಕಾವು ಅಲ್ಲೇ ಉಳಿಯುತ್ತದೆ. ಗಾಳಿ ಬೀಸುತ್ತಿದ್ದರೆ ಹನಿ ಕಟ್ಟುವುದಿಲ್ಲ. ಹಾಗಾಗಿ ಪರೀಕ್ಷೆ ಸುಲಭ: ಮಲಗುವ ಮುಂಚೆ ಹೊರಗೆ ಬಂದು ನೋಡಿ. ನಕ್ಷತ್ರ ಕಾಣುತ್ತಿದ್ದು, ಎಲೆ ಅಲ್ಲಾಡದಿದ್ದರೆ ಅಲಾರಂ ಇಡಿ. ಸಂಜೆ ಮಳೆ ಬಂದು ರಾತ್ರಿ ಬಾನು ತೊಳೆದಂತಾಗಿದ್ದರಂತೂ ತಪ್ಪಿಸಿಕೊಳ್ಳಲೇಬೇಡಿ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ಎಂಟರ ಹೊತ್ತಿಗೆ ಆಟ ಮುಗಿದಿರುತ್ತದೆ.

ಹೋದ ತಕ್ಷಣ ಮೂರು ಕೆಲಸ ಮಾಡಿ.

ಮೊದಲನೆಯದು, ಸೂರ್ಯನಿಗೆ ಬೆನ್ನು ಹಾಕಿ ನಿಂತು ಹುಲ್ಲಿನ ಮೇಲೆ ಬಿದ್ದ ನಿಮ್ಮ ನೆರಳು ನೋಡಿ. ತಲೆಯ ಸುತ್ತ ಬೆಳ್ಳಗೆ ಒಂದು ಪ್ರಭೆ ಕಾಣುತ್ತದೆ, ದೇವರ ಪಟದಲ್ಲಿರುವಂತೆ. ಪಕ್ಕದಲ್ಲಿ ನಿಂತವರ ನೆರಳಿಗೆ ಅದು ಇರುವುದಿಲ್ಲ. ಅವರನ್ನು ಕೇಳಿದರೆ ‘ನನ್ನ ತಲೆಗಿದೆ, ನಿನ್ನದಕ್ಕಿಲ್ಲ’ ಅನ್ನುತ್ತಾರೆ! ಪ್ರತಿ ಹನಿಯೂ ಒಂದು ಪುಟ್ಟ ಮಸೂರ. ಬಂದ ಬೆಳಕನ್ನು ಹಿಂದಿನ ಎಲೆಯ ಮೇಲೆ ಕೂಡಿಸಿ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಆ ಬೆಳಕು ಸಿಗುವುದು ನಿಮ್ಮ ತಲೆಯ ದಿಕ್ಕಿಗೆ ಮಾತ್ರ. ಇದಕ್ಕೆ ಹೈಲಿಗೆನ್‌ಶೈನ್ ಎಂಬ ಜರ್ಮನ್ ಹೆಸರಿದೆ, ಸಂತರ ತಲೆಯ ಹಿಂದಿನ ಪ್ರಭೆ ಎಂದರ್ಥ. ಮಕ್ಕಳನ್ನು ಬೆಳಗ್ಗೆ ಎಬ್ಬಿಸಲು ಇದಕ್ಕಿಂತ ಒಳ್ಳೆ ನೆಪ ನನಗೆ ಸಿಕ್ಕಿಲ್ಲ.

ಎರಡನೆಯದು, ಮಂಡಿಯೂರಿ ಒಂದೇ ಒಂದು ಹುಲ್ಲಿನೆಸಳನ್ನು ಗಾಜಿನಲ್ಲಿ ನೋಡಿ. ಎಸಳಿನ ಮೈತುಂಬ ಸಾಸಿವೆಗಿಂತ ಸಣ್ಣ ಹನಿಗಳು. ತುದಿಯಲ್ಲಿ ಮಾತ್ರ ಒಂದು ದೊಡ್ಡ ಹನಿ. ಎರಡನ್ನೂ ಇಬ್ಬನಿ ಅಂದುಕೊಳ್ಳುವವರೇ ಹೆಚ್ಚು. ತುದಿಯ ಹನಿ ಗಾಳಿಯಿಂದ ಬಂದದ್ದಲ್ಲ, ಹುಲ್ಲಿನ ಒಳಗಿಂದಲೇ ಬಂದದ್ದು. ರಾತ್ರಿ ಬೇರು ಎಳೆದ ನೀರು ಆವಿಯಾಗಿ ಹೋಗಲು ದಾರಿಯಿಲ್ಲದೆ ಎಲೆಯ ತುದಿಯ ಸಣ್ಣ ರಂಧ್ರದಿಂದ ಹೊರಬರುತ್ತದೆ. ಸಸ್ಯಶಾಸ್ತ್ರದವರು ಇದನ್ನು ಗಟೇಶನ್ ಅನ್ನುತ್ತಾರೆ. ಗಿಡದ ಬೆವರು ಅಂತ ಇಟ್ಟುಕೊಳ್ಳಿ. ಆ ಹನಿಯೊಳಗೆ ಎದುರಿನ ಮರ, ಮನೆ, ಆಕಾಶ ಎಲ್ಲವೂ ತಲೆಕೆಳಗಾಗಿ ಕಾಣುತ್ತವೆ. ಉಸಿರು ಬಿಗಿಹಿಡಿದು ನೋಡಿ, ಬಿಟ್ಟರೆ ಗಾಜು ಮಂಜಾಗುತ್ತದೆ.

ಮೂರನೆಯದು ಜೇಡರ ಬಲೆ. ಈ ಬಲೆಗಳು ಮಧ್ಯಾಹ್ನವೂ ಅಲ್ಲೇ ಇರುತ್ತವೆ, ಆದರೆ ಕಾಣುವುದು ಇಬ್ಬನಿ ಕೂತಾಗ ಮಾತ್ರ. ಅವನ್ನು ನೋಡಲು ಈಗ ಸೂರ್ಯನ ಕಡೆ ಮುಖ ಮಾಡಿ, ಬಗ್ಗಿ ನೋಡಿ. ಹುಲ್ಲಿಗೆ ಅಂಟಿಕೊಂಡಂತೆ ಹಾಳೆಯಂಥ ಬಲೆಗಳು ಸಿಗುತ್ತವೆ. ಒಂದು ಮೂಲೆಯಲ್ಲಿ ಕೊಳವೆಯಂಥ ತೂತು, ಅದರ ಬಾಯಲ್ಲೇ ಜೇಡ ಕೂತಿರುತ್ತದೆ. ಪೊದೆಗಳ ನಡುವೆ ಚಕ್ರದಂಥ ಬಲೆ ಇದ್ದು, ನಡುವೆ ಇಂಟು ಗುರುತಿನ ಹಾಗೆ ಬಿಳಿ ಅಂಕುಡೊಂಕು ಹೊಲಿಗೆ ಕಂಡರೆ ಅದು ಸಿಗ್ನೇಚರ್ ಸ್ಪೈಡರ್. ಜೇಡವೂ ಎರಡೆರಡು ಕಾಲು ಜೋಡಿಸಿ ಅದೇ ಆಕಾರದಲ್ಲಿ ಕೂತಿರುತ್ತದೆ. ಈ ಹೊಲಿಗೆ ಯಾಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತವಿಲ್ಲ. ಮಲೆನಾಡಿನಲ್ಲಾದರೆ ಅಂಗೈಯಗಲದ ಹೆಣ್ಣು ಜೇಡ, ಹೊಂಬಣ್ಣದ ನೂಲಿನ ದೊಡ್ಡ ಬಲೆ ನೋಡಬಹುದು. ಅದೇ ಬಲೆಯ ಮೇಲೆ ಓಡಾಡುವ ಪುಟ್ಟ ಕೆಂಪು ಜೇಡವನ್ನು ಮರಿ ಅಂದುಕೊಳ್ಳಬೇಡಿ. ಅದು ಗಂಡು.

ಫೋಟೋಗೆ ಚೆನ್ನಾಗಿ ಬರಲಿ ಅಂತ ಸ್ಪ್ರೇ ಬಾಟಲಿಯಿಂದ ಬಲೆಗೆ ನೀರು ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಬಲೆ ಹರಿದರೆ ಅದಕ್ಕೆ ಅವತ್ತಿನ ಊಟ ಹೋಯಿತು.

ಹಂತ 3: ಕಳೆಯನ್ನು ಹೂವೆಂದು ನೋಡಿ

ಇಬ್ಬನಿ ಆರುತ್ತಿದ್ದ ಹಾಗೆ ನೆಲದ ಹೂಗಳಿಗೆ ಬನ್ನಿ. ಇಲ್ಲಿ ಗಾಜು ಕಡ್ಡಾಯ. ಬರಿಗಣ್ಣಿಗೆ ಇವೆಲ್ಲ ಬಿಳಿ ಚುಕ್ಕೆ, ನೀಲಿ ಚುಕ್ಕೆ ಅಷ್ಟೇ.

ತುಂಬೆಯಿಂದ ಶುರುಮಾಡಿ. ಚಿಕ್ಕವರಿದ್ದಾಗ ಕಿತ್ತು ಸಿಹಿ ಹೀರಿರುತ್ತೀರಿ, ಅಲ್ವಾ? ಈಗ ಗಾಜಿನಲ್ಲಿ ನೋಡಿ. ಹೂವಿಗೆ ಎರಡು ತುಟಿ. ಕೆಳತುಟಿ ಅಗಲ, ಜೇನುಹುಳು ಇಳಿಯುವುದು ಅಲ್ಲೇ. ಮೇಲ್ತುಟಿ ಬಿಳಿ ನವಿರುಗೂದಲಿನ ಕುಲಾವಿ. ಪರಾಗದ ಕಡ್ಡಿಗಳು ಅದರೊಳಗೆ ಅಡಗಿರುತ್ತವೆ. ಹುಳು ಮಕರಂದಕ್ಕೆ ತಲೆ ತೂರಿಸಿದಾಗ ಪರಾಗ ಅದರ ಮೈಗೆ ಅಂಟುತ್ತದೆ.

ಒಣ ಜಮೀನಿನಲ್ಲಿ ವಿಷ್ಣುಕ್ರಾಂತಿ ಹುಡುಕಿ. ನೆಲಕ್ಕೆ ಒರಗಿದ ಬಳ್ಳಿ, ಕಿರುಬೆರಳಿನ ಉಗುರಿನಷ್ಟು ನೀಲಿ ಹೂ. ಬಿಸಿಲು ಬಲಿತರೆ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಹೋಗಿ ‘ಇಲ್ಲವೇ ಇಲ್ಲ’ ಅನ್ನಬೇಡಿ.

ಹುಲ್ಲೂ ಹೂ ಬಿಡುತ್ತದೆ. ಗಣಪತಿಗೆ ಏರಿಸುವ ಗರಿಕೆಯನ್ನೇ ನೋಡಿ. ತುದಿಯಲ್ಲಿ ಹಕ್ಕಿಯ ಕಾಲ್ಬೆರಳಂತೆ ಹರಡಿದ ಕಡ್ಡಿಗಳಿರುತ್ತವೆ. ಗಾಜಿನಲ್ಲಿ ನೋಡಿದರೆ ಪ್ರತಿ ಕಡ್ಡಿಯ ಮೇಲೂ ಹೂಗಳ ಸಾಲು, ಅವುಗಳಿಂದ ಹೊರಚಾಚಿದ ನೇರಳೆ ಗರಿಗಳು. ಆ ಗರಿಗಳೇ ಹೂವಿನ ಹೆಣ್ಣು ಭಾಗ. ಗಾಳಿಯಲ್ಲಿ ತೇಲಿಬರುವ ಪರಾಗವನ್ನು ಹಿಡಿಯಲು ಹೀಗೆ ಕವಲೊಡೆದಿರುತ್ತವೆ. ದುಂಬಿಯನ್ನು ಕರೆಯುವ ಕೆಲಸವಿಲ್ಲ, ಹಾಗಾಗಿ ಬಣ್ಣದ ಎಸಳೂ ಇಲ್ಲ.

ಇದೇ ಗರಿಕೆಯ ದಾಯಾದಿ ಭತ್ತ. ಆಶ್ವಯುಜದ ಹುಣ್ಣಿಮೆಯನ್ನು ಬಯಲುಸೀಮೆಯ ಉತ್ತರದಲ್ಲಿ ಶೀಗಿ ಹುಣ್ಣಿಮೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಎಂದು ಕರೆದು, ಭೂಮಿಯನ್ನು ಬಸುರಿಯೆಂದು ಪೂಜಿಸುತ್ತಾರೆ. ಹೊಲ ಗದ್ದೆಗಳಲ್ಲಿ ತೆನೆ ಕಟ್ಟುವ ಕಾಲ ಅದು. ಭತ್ತದ ಒಂದು ಹೂ ಅರಳುವುದು ಹೆಚ್ಚುಕಡಿಮೆ ಒಂದು ಗಂಟೆ ಮಾತ್ರ, ಅದೂ ಸಾಮಾನ್ಯವಾಗಿ ಬಿಸಿಲೇರಿದ ಮೇಲೆ, ಮಧ್ಯಾಹ್ನಕ್ಕೆ ಮುಂಚೆ. ಹಸಿರು ಹೊಟ್ಟು ಬಾಯಿಬಿಟ್ಟು 6 ಪರಾಗದ ಚೀಲಗಳು ಹೊರಗೆ ಜೋತುಬೀಳುತ್ತವೆ. ಆಮೇಲೆ ಬಾಯಿ ಮುಚ್ಚಿಕೊಂಡರೆ ಮುಂದೆ ಅದು ಭತ್ತದ ಕಾಳೇ. ದಿನಾ ಅನ್ನ ಉಣ್ಣುವ ನಮ್ಮಲ್ಲಿ ಇದನ್ನು ನೋಡಿದವರು ಎಷ್ಟು ಜನ ಇದ್ದಾರು! ಗದ್ದೆಗೆ ಇಳಿಯಬೇಡಿ, ಬದುವಿನ ಮೇಲೆ ಕೂತರೆ ಸಾಕು.

ದಕ್ಷಿಣದ ಒಣ ಜಿಲ್ಲೆಗಳಲ್ಲಾದರೆ ರಾಗಿ ಹೊಲದ ಅಕ್ಕಡಿ ಸಾಲು ನೋಡಿ. ಅಂದರೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿದ ಸಾಲು. ಹುಚ್ಚೆಳ್ಳಿನ ಹಳದಿ ಹೂ ಒಂದು ಹೂವಲ್ಲ, ಹೂಗಳ ಗುಂಪು. ಅಂಚಿನ ಎಸಳುಗಳು ಸಾಮಾನ್ಯವಾಗಿ 8, ಪ್ರತಿ ಎಸಳೂ ಒಂದೊಂದು ಹೂ. ನಡುವಿನ ಗುಂಡು ಭಾಗದಲ್ಲಿ ಇನ್ನೂ ಸಣ್ಣ ಹೂಗಳಿದ್ದು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ.

ಕರಾವಳಿಯವರ ಅದೃಷ್ಟ ಬೇರೆ. ಮುರಕಲ್ಲಿನ ಬಯಲಲ್ಲಿ ಇನ್ನೂ ನೀರು ಜಿನುಗುತ್ತಿದ್ದರೆ ಹುಳು ಹಿಡಿಯುವ ಗಿಡಗಳು ಸಿಗುತ್ತವೆ. ಕೆಂಪು ಕೂದಲಿನ ತುದಿಯಲ್ಲಿ ಹೊಳೆಯುವ ಹನಿ ಇಟ್ಟುಕೊಂಡಿದ್ದು ಡ್ರಾಸಿರಾ. ಬಿಸಿಲೇರಿದರೂ ಆ ಹನಿ ಆರದಿದ್ದರೆ ಅದು ಇಬ್ಬನಿಯಲ್ಲ, ಅಂಟು. ಪಕ್ಕದಲ್ಲೇ ನೇರಳೆ ಹೂ ಬಿಟ್ಟ ಯುಟ್ರಿಕ್ಯುಲೇರಿಯಾ ಇರಬಹುದು. ಅದರ ಬೋನು ಒದ್ದೆ ಮಣ್ಣಿನೊಳಗಿನ ಸಣ್ಣ ಚೀಲಗಳು. ಕೀಳಬೇಡಿ, ಹೆಜ್ಜೆ ನೋಡಿಕೊಂಡು ಇಡಿ. ಇವು ನೆಲಕ್ಕೆ ಅಂಟಿಕೊಂಡೇ ಇರುತ್ತವೆ.

ಎಲ್ಲ ಕಳೆಯೂ ಮುಟ್ಟಲು ಯೋಗ್ಯವಲ್ಲ. ಬಿಳಿ ಹೂವಿನ ಕಾಂಗ್ರೆಸ್ ಗಿಡ ಕೆಲವರಿಗೆ ಮೈತುರಿಕೆ, ಸೀನು ತರುತ್ತದೆ. ಉತ್ತರಾಣಿಯ ಬೀಜ ಪ್ಯಾಂಟಿಗೆ ಅಂಟಿದರೆ ಬೈದುಕೊಳ್ಳಬೇಡಿ, ಒಂದನ್ನು ಗಾಜಿನಲ್ಲಿ ನೋಡಿ. ಚೂಪಾದ ಮುಳ್ಳೆಸಳು ಬಟ್ಟೆಗೆ ಸಿಕ್ಕಿಕೊಂಡ ಬಗೆ ಗೊತ್ತಾಗುತ್ತದೆ.

ಹಂತ 4: ಬಿಸಿಲು ಬಂದ ಮೇಲೆ ರೆಕ್ಕೆಗಳು

ಒಂಬತ್ತರಿಂದ ಹನ್ನೊಂದು ಚಿಟ್ಟೆಗಳ ಹೊತ್ತು. ಮೈ ಕಾಯದೆ ಅವು ಹಾರಲಾರವು, ಅದಕ್ಕೇ ಬೆಳಗಿನ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂರುತ್ತವೆ. ಹಿಂದೆ ಓಡಬೇಡಿ. ಒಂದು ಎಕ್ಕದ ಗಿಡದ ಮುಂದೆ ಕೂತುಬಿಡಿ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಮೊಟ್ಟೆಯಿಡುವುದು ಅದರ ಮೇಲೆ. ಎಲೆ ತಿರುಗಿಸಿದರೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಸಿಗಬಹುದು. ಎಲೆ ಮುರಿಯದಂತೆ ನೋಡಿಕೊಳ್ಳಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕೈಗೆ ತಾಗಿದರೆ ಮೊದಲು ತೊಳೆದುಕೊಳ್ಳಿ.

ಬಯಲ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ, ಎಲ್ಲೂ ಕೂರದೆ ಹಾರುತ್ತಿವೆಯಾ? ಹೊಂಬಣ್ಣದವಾದರೆ ಅವು ಬಹುಶಃ ಗ್ಲೋಬ್ ಸ್ಕಿಮ್ಮರ್. ಅಕ್ಟೋಬರ್ ಹೊತ್ತಿಗೆ ಇವು ಮಾಲ್ಡೀವ್ಸ್ ದ್ವೀಪಗಳಲ್ಲಿ ಸಾವಿರಗಟ್ಟಲೆ ಬಂದಿಳಿಯುತ್ತವೆ. ಭಾರತದ ಕಡೆಯಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ವಾದ ಮಂಡಿಸಿದರು. ನಿಮ್ಮ ಸೈಟಿನ ಮೇಲೆ ಹಾರುವ ಪ್ರತಿಯೊಂದೂ ಆಫ್ರಿಕಾಕ್ಕೆ ಹೊರಟಿದೆ ಅಂತಲ್ಲ. ಆದರೂ ಒಂದು ಕ್ಷಣ ನಿಂತು ನೋಡುವಂಥದ್ದೇ.

ಹಂತ 5: ಬಂದ ಹಕ್ಕಿಗಳನ್ನು ಗುರುತಿಸಿ

ಇದಕ್ಕೆ ದುರ್ಬೀನು ಬೇಕಿಲ್ಲ. ನೀರಿನಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ, ಬೂದು ಬೆನ್ನು, ಹಳದಿ ಹೊಟ್ಟೆಯ ಕುಂಡೆಕುಸ್ಕ ಕಂಡರೆ ಅದು ಹಿಮಾಲಯದ ಕಡೆಯಿಂದ ಬಂದ ಅತಿಥಿ. ಕರೆಂಟು ತಂತಿಯ ಮೇಲೆ ಸಾಲಾಗಿ ಕೂತ, ಕವಲು ಬಾಲದ ಸ್ವಾಲೋಗಳೂ ಹಾಗೇ ಚಳಿಗಾಲಕ್ಕೆ ಬಂದವು.

ಒಂದು ಮುನ್ಸೂಚನೆ. ಈ ದಿನಗಳಲ್ಲಿ ನವರಂಗ ಹಕ್ಕಿ ರಾತ್ರಿ ಹಾರಿ ದಣಿದು, ಊರೊಳಗಿನ ಅಂಗಳ, ಬಾಲ್ಕನಿಗಳಲ್ಲಿ ಬೀಳುವುದುಂಟು. ಗಿಡ್ಡ ಬಾಲ, ಮೈತುಂಬ ಬಣ್ಣ, ನೋಡಿದ ಕೂಡಲೇ ತಿಳಿಯುತ್ತದೆ. ಬಾಯಿಗೆ ನೀರು ಹುಯ್ಯಬೇಡಿ, ಸೆಲ್ಫಿಗೆ ಹಿಡಿದುಕೊಳ್ಳಬೇಡಿ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಅರಣ್ಯ ಇಲಾಖೆಗೋ ಊರಿನ ವನ್ಯಜೀವಿ ರಕ್ಷಕರಿಗೋ ಫೋನ್ ಮಾಡಿ.

ಹಂತ 6: ಸಂಜೆ ಮೂಗಿಗೆ, ರಾತ್ರಿ ಕಣ್ಣಿಗೆ

ಪಾರಿಜಾತವನ್ನು ಎಲ್ಲರೂ ಬೆಳಗ್ಗೆ ನೆಲದ ಮೇಲೆ ನೋಡುತ್ತಾರೆ. ಅದು ಅರಳುವುದು ಸಂಜೆಗತ್ತಲಲ್ಲಿ. ದೀಪ ಹಚ್ಚುವ ಹೊತ್ತಿಗೆ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಒಂದೇ ಮೊಗ್ಗಿನ ಮೇಲೆ ಕಣ್ಣಿಡಿ. ಗಿರಗಟ್ಟಲೆಯಂತೆ ಒಂದೇ ದಿಕ್ಕಿಗೆ ತಿರುಚಿಕೊಂಡ ಬಿಳಿ ಎಸಳುಗಳು ಬಿಚ್ಚಿಕೊಳ್ಳುತ್ತವೆ. ಬಿಳಿ ಬಣ್ಣವೂ ಗಮಲೂ ರಾತ್ರಿಯ ಪತಂಗಗಳಿಗಾಗಿ. ಕಿತ್ತಳೆ ತೊಟ್ಟಿನಿಂದ ಹಿಂದೆ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು.

ಹಾಲೆ ಮರದ ಹೂವಿನ ವಾಸನೆ ಬೇರೆ ಥರ. ದೂರದಿಂದ ಹಿತ, ಮರದಡಿ ನಿಂತರೆ ತಲೆನೋವು. ಉಬ್ಬಸ ಇರುವವರು ದೂರವೇ ಇರಿ.

ಆಕಾಶಕ್ಕೆ ಹುಣ್ಣಿಮೆ ಬೇಡ, ದೀಪಾವಳಿ ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ಪಟಾಕಿ ಹೊಗೆ ಇಲ್ಲದ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಪೂರ್ವಕ್ಕೆ ತಿರುಗಿ. ಚಿಕ್ಕ ಗೊಂಚಲಾಗಿ ಕಾಣುವುದೇ ಕೃತ್ತಿಕೆ, ಕಾರ್ತಿಕ ಮಾಸಕ್ಕೆ ಹೆಸರು ಕೊಟ್ಟ ನಕ್ಷತ್ರ. ಬರಿಗಣ್ಣಿಗೆ ಸಾಮಾನ್ಯವಾಗಿ 6 ಎಣಿಸಬಹುದು. ಮೊಬೈಲ್ ಜೇಬಲ್ಲಿಟ್ಟು ಹತ್ತು ನಿಮಿಷ ಕತ್ತಲಿಗೆ ಕಣ್ಣು ಹೊಂದಿಸಿಕೊಂಡ ಮೇಲೆ ಎಣಿಸಿ.

ಮೋಡವಿದ್ದರೆ ಟ್ಯೂಬ್‌ಲೈಟಿನ ಗೋಡೆ ನೋಡಿ. ಗದ್ದೆ ಬಯಲಿನ ಹತ್ತಿರ ದೀಪಾವಳಿ ಸಮಯಕ್ಕೆ ಹಸಿರು ಜಿಗಿಹುಳುಗಳು ಮುತ್ತುತ್ತವೆ. ಅಕ್ಕಿಕಾಳಿಗಿಂತ ಚಿಕ್ಕವು. ರೈತನಿಗೆ ಕಾಟ, ಗಾಜಿನಲ್ಲಿ ನೋಡಿದರೆ ಮಾತ್ರ ಪಚ್ಚೆ ಹರಳು.

ಹಂತ 7: ಬರೆದಿಡಿ

ಕವಿತೆ ಬೇಡ. ತಾರೀಖು, ಹೊತ್ತು, ಹವೆ, ಕಂಡದ್ದು, ನಾಲ್ಕೇ ಕಲಮು. ‘ಚಿತ್ತೆ ಮಳೆ ನಿನ್ನೆ ಸಂಜೆ. ಬೆಳಗ್ಗೆ 6.30, ಗಾಳಿಯಿಲ್ಲ. ಬದುವಿನಲ್ಲಿ ತುಂಬೆ ಹೂ, ಹುಚ್ಚೆಳ್ಳು ಮೊಗ್ಗು’ ಎಂದಷ್ಟು ಬರೆದರೆ ಸಾಕು. ಯಾವುದು ಯಾವಾಗ ಅರಳಿತು, ಯಾವಾಗ ಬಂತು ಎಂದು ವರ್ಷವರ್ಷವೂ ದಾಖಲಿಸುವುದಕ್ಕೆ ಫಿನಾಲಜಿ ಎಂದು ಹೆಸರು. ಮರಗಳ ಬಗ್ಗೆ ಇಂಥ ದಾಖಲೆ ಕೂಡಿಸುವ ಸೀಸನ್‌ವಾಚ್ ಎಂಬ ಯೋಜನೆ ನಮ್ಮ ದೇಶದಲ್ಲಿದೆ. ನಿಮ್ಮ ಮನೆ ಮುಂದಿನ ಮರವನ್ನೂ ಸೇರಿಸಬಹುದು.

ಹೆಸರು ಗೊತ್ತಿಲ್ಲದ ಗಿಡ, ಹುಳುವಿನ ಫೋಟೋವನ್ನು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ಬಲ್ಲವರು ಹೇಳುತ್ತಾರೆ. ಆ್ಯಪ್ ತಾನಾಗಿ ಸೂಚಿಸುವ ಮೊದಲ ಹೆಸರನ್ನೇ ನಂಬಬೇಡಿ, ಮನುಷ್ಯರು ಒಪ್ಪುವವರೆಗೆ ಕಾಯಿರಿ. ಗಿಡವಾದರೆ ಹೂ, ಎಲೆಯ ಎರಡೂ ಮಗ್ಗುಲು, ಇಡೀ ಗಿಡ ಎಲ್ಲವೂ ಕಾಣುವಂತೆ ಬೇರೆ ಬೇರೆ ಫೋಟೋ ಹಾಕಿ. ಹುಳು ಹಿಡಿಯುವ ಗಿಡ, ಹಕ್ಕಿಯ ಗೂಡು ಇವುಗಳ ಜಾಗವನ್ನು ಮಾತ್ರ ಎಲ್ಲರಿಗೂ ಕಾಣದಂತೆ ಮರೆಮಾಡುವ ಸೆಟ್ಟಿಂಗ್ ಅದರಲ್ಲೇ ಇದೆ. ಫೋಟೋ ಕಳಿಸುವ ಮುಂಚೆ ಅದನ್ನು ಆನ್ ಮಾಡಿ.